ಉಸುಕು ನೆಲಕ್ಕೆ ಮಿನಿ ಡಿಸ್ಕ್ ಇನ್‌ಫಿಲ್ಟ್ರೋಮೀಟರ್: ಗೋವಾ ಕರಾವಳಿಯಲ್ಲಿ ಬಳಸುವವರಿಗೆ

ಮೊದಲೇ ಹೇಳಿಬಿಡುವುದು ಒಳ್ಳೆಯದು. ನೀರು ಇಂಗುವ ವೇಗ ಇಷ್ಟು ಎಂದು ಕಾಗದದ ಮೇಲೆ ಒಂದೇ ಒಂದು ಅಂಕಿ ಬರೆದುಕೊಡಬೇಕಾದವರು, ನೆಲಕ್ಕೆ ನೀರು ಇಂಗುವುದನ್ನು ಅಳೆಯುವ ಈ ಮಿನಿ ಡಿಸ್ಕ್ ಇನ್‌ಫಿಲ್ಟ್ರೋಮೀಟರಿಗೆ ದುಡ್ಡು ಹಾಕಬೇಡಿ. ಒಂದು ಎಕರೆ ತೋಟದಲ್ಲಿ ನೀರು ಎಲ್ಲಿ ಸರ್ರನೆ ಇಳಿಯುತ್ತದೆ, ಎಲ್ಲಿ ತಡವರಿಸುತ್ತದೆ ಎಂಬ ನಕ್ಷೆ ಬೇಕಿದ್ದರೆ ಮಾತ್ರ ಕೊಳ್ಳಿ. ಆ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ವಾಸ್ಕೊ, ಮಡಗಾಂವ್, ಮಾಪ್ಸಾ ಸುತ್ತ ಡ್ರಿಪ್, ಲಾನ್, ಇಂಗುಗುಂಡಿ ಕೆಲಸ ಹಿಡಿದಿರುವ ಕನ್ನಡದವರು ಕಡಿಮೆ ಇಲ್ಲ. ಧಾರವಾಡ, ಗದಗ ಕಡೆಯ ಎರೆ ಭೂಮಿಯಲ್ಲಿ ಪಳಗಿದ ಕೈ ಇಲ್ಲಿನ ಉಸುಕಿಗೆ ಬಂದಾಗ ಅಳತೆಯ ಲೆಕ್ಕವೇ ತಲೆಕೆಳಗಾಗುತ್ತದೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಸಾಧನ ಸೈಕಲ್ ಪಂಪಿನಷ್ಟು ದೊಡ್ಡದು, ಉದ್ದ ಸುಮಾರು 33 ಸೆಂ.ಮೀ. ಮೀಟರ್ ಗ್ರೂಪ್ ಕಂಪನಿಯ ಮಾಲು. ಹಳೆಯವುಗಳ ಮೇಲೆ ಡೆಕಗಾನ್ ಎಂದು ಇರುತ್ತದೆ. ಪಾರದರ್ಶಕ ಕೊಳವೆಯಲ್ಲಿ ಎರಡು ಕೋಣೆ. ಕೆಳಗಿನದು ನೀರಿನ ಸಂಗ್ರಹ, 135 ಮಿ.ಲೀ., ಹೊರಮೈಯಲ್ಲಿ ಮಿ.ಲೀ. ಗೆರೆಗಳು. ಮೇಲಿನದು ಗುಳ್ಳೆ ಕೋಣೆ. ಅದರೊಳಗೆ ಏರಿಸಿ ಇಳಿಸಬಹುದಾದ ಒಂದು ಸಣ್ಣ ನಳಿಕೆ. ಆ ನಳಿಕೆ ನೀರಿನಲ್ಲಿ ಎಷ್ಟು ಮುಳುಗಿದೆಯೋ ಅಷ್ಟು ಸೆಂ.ಮೀ. ಸಕ್ಷನ್, ಅಂದರೆ ನೀರನ್ನು ಇಳಿಯಗೊಡದೆ ಹಿಂದಕ್ಕೆ ಎಳೆದು ಹಿಡಿಯುವ ಬಲ. 0.5ರಿಂದ 7ರವರೆಗೆ ಹೊಂದಿಸಬಹುದು. ಬುಡದಲ್ಲಿ 4.5 ಸೆಂ.ಮೀ. ವ್ಯಾಸದ, ಸೂಕ್ಷ್ಮ ರಂಧ್ರಗಳಿರುವ ಸ್ಟೇನ್‌ಲೆಸ್ ಸ್ಟೀಲ್ ಬಿಲ್ಲೆ. ನೀರು ತಾನಾಗಿ ಸುರಿಯುವುದಿಲ್ಲ, ಮಣ್ಣು ಎಳೆದುಕೊಂಡರೆ ಮಾತ್ರ ಇಳಿಯುತ್ತದೆ.

ಈ ಸಕ್ಷನ್ ಇರುವುದು ಸುಮ್ಮನೆ ಅಲ್ಲ. 2 ಸೆಂ.ಮೀ. ಇಟ್ಟರೆ ಸುಮಾರು 1.5 ಮಿ.ಮೀ.ಗಿಂತ ಅಗಲವಾದ ತೂತುಗಳಲ್ಲಿ ನೀರು ಇಳಿಯದು. 6 ಸೆಂ.ಮೀ. ಇಟ್ಟರೆ 0.5 ಮಿ.ಮೀ.ಗಿಂತ ದೊಡ್ಡವೆಲ್ಲ ಲೆಕ್ಕದಿಂದ ಹೊರಗೆ. ಏಡಿಯ ಬಿಲ, ಕೊಳೆತ ತೆಂಗಿನ ಬೇರಿನ ಸುರಂಗ, ಇರುವೆ ಗೂಡು ಇವೆಲ್ಲ ಸುಮ್ಮನಾಗಿ, ಉಸುಕಿನ ಕಣಗಳ ನಡುವಿನ ಹಾದಿಯಷ್ಟೇ ಮಾತಾಡುತ್ತದೆ. ಮಳೆಗಾಲದ ಹರಿನೀರಿಗೆ ಇಂಗುಗುಂಡಿ ಲೆಕ್ಕ ಹಾಕುವವರಿಗೆ ಇದೇ ಕೊರತೆ: ಆ ಬಿಲಗಳೂ ಸುರಂಗಗಳೂ ಅವರಿಗೆ ಬೇಕು. ಅವರು ನೆಲಕ್ಕೆ ಉಂಗುರ ಊರಿ, ಅದರೊಳಗೆ ನೀರು ನಿಲ್ಲಿಸಿ ನೋಡುವ ಉಂಗುರದ ಅಳತೆಯನ್ನೇ ನೆಚ್ಚಿಕೊಳ್ಳಲಿ.

ಉಂಗುರವೇ ಎಲ್ಲದಕ್ಕೂ ಸಾಕಲ್ಲ ಎನ್ನುವವರಿಗೆ ನೀರಿನ ಲೆಕ್ಕ ಕೊಡುತ್ತೇವೆ. ಜೋಡಿ ಉಂಗುರದ ಸಾಮಾನ್ಯ ಅಳತೆ ಒಳಗೆ 30, ಹೊರಗೆ 60 ಸೆಂ.ಮೀ. ವ್ಯಾಸ. ಉಸುಕಿನ ಪೂರ್ಣ ತೇವದ ಜಲವಾಹಕತೆಗೆ, ಅಂದರೆ ಪೂರ್ತಿ ತೊಯ್ದ ಉಸುಕು ನೀರನ್ನು ಹಾಯಲು ಬಿಡುವ ವೇಗಕ್ಕೆ, ಲೆಕ್ಕದ ಕೋಷ್ಟಕಗಳಲ್ಲಿ ಹಿಡಿಯುವ ಸರಾಸರಿ ಗಂಟೆಗೆ ಸುಮಾರು 30 ಸೆಂ.ಮೀ. ಆ ವೇಗದಲ್ಲಿ ಎರಡೂ ಉಂಗುರ ಸೇರಿ ಗಂಟೆಗೆ 85 ಲೀಟರ್ ಕುಡಿಯುತ್ತವೆ. ಐವತ್ತು ಜಾಗ ಅಳೆಯಬೇಕೆಂದರೆ ಟ್ಯಾಂಕರ್ ತರಿಸಬೇಕು. ಬೇಸಿಗೆಯಲ್ಲಿ ಕರಾವಳಿಯ ಬಾವಿ ಉಪ್ಪಾಗುವ ಕಡೆ ಅದೂ ಸುಲಭವಲ್ಲ. ಮಿನಿ ಡಿಸ್ಕ್‌ಗೆ ಒಂದು ಜಾಗಕ್ಕೆ ಒಂದು ಭರ್ತಿ ಎಂದರೂ ಐವತ್ತಕ್ಕೆ 7 ಲೀಟರ್ ಸಾಕು. ಇಪ್ಪತ್ತು ಲೀಟರಿನ ಒಂದು ಕ್ಯಾನ್ ಹೊತ್ತು ನಡೆದರೆ ಮುಗಿಯಿತು.

ಅಷ್ಟೊಂದು ಜಾಗ ಯಾಕೆ ಅಳೆಯಬೇಕು? ಉಸುಕು ಕಣ್ಣಿಗೆ ಒಂದೇ ಥರ ಕಂಡರೂ ನೀರಿಗೆ ಹಾಗಿಲ್ಲ. ಜಲವಾಹಕತೆ ಕಣದ ಗಾತ್ರದ ವರ್ಗಕ್ಕೆ (ಸ್ಕ್ವೇರ್‌ಗೆ) ತಕ್ಕಂತೆ ಏರುತ್ತದೆ. ಹೇಜನ್ ಸೂತ್ರದ ಪ್ರಕಾರ ಸಣ್ಣ ಕಣಗಳ ಅಳತೆ, ಅಂದರೆ ತೂಕದಲ್ಲಿ ಶೇ 10 ಭಾಗ ಯಾವ ಗಾತ್ರಕ್ಕಿಂತ ಸಣ್ಣದಿದೆಯೋ ಆ ಗಾತ್ರ, 0.1 ಮಿ.ಮೀ.ಯಿಂದ 0.2ಕ್ಕೆ ಹೋದರೆ ನೀರಿನ ಓಟ ನಾಲ್ಕು ಪಟ್ಟು. ಬೆರಳಲ್ಲಿ ತಿಕ್ಕಿ ನೋಡಿದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಸಾಲ್ಸೆಟ್‌ನ ಕರಾವಳಿ ಪಟ್ಟಿಯಲ್ಲಿ, ಮಾಜೋರ್ಡಾದಿಂದ ಕಾವೆಲೊಸಿಂವರೆಗೆ, ಗಾಳಿ ಆರಿಸಿ ಗುಡ್ಡೆ ಹಾಕಿದ ದಿಬ್ಬ ಒಂದು ಬಗೆ, ದಿಬ್ಬಗಳ ನಡುವಿನ ತಗ್ಗು ಇನ್ನೊಂದು ಬಗೆ. ಅದರ ಮೇಲೆ ಮನುಷ್ಯನ ಕೈವಾಡ ಬೇರೆ: ತೆಂಗಿನ ಬುಡಕ್ಕೆ ಹಾಕಿದ ಗೊಬ್ಬರ, ಲಾನಿಗಾಗಿ ತಂದು ಹರಡಿದ ಕೆಂಪು ಮಣ್ಣು, ಗಾಡಿ ಓಡಾಡಿ ಗಟ್ಟಿಯಾದ ದಾರಿ, ಕಟ್ಟಡದ ಮುರಕಲ್ಲಿನ ಚೂರು.

ಮಣ್ಣಿನ ಸಾಂದ್ರತೆ ಹೊಲದುದ್ದಕ್ಕೂ ಶೇ 10ರ ಆಸುಪಾಸಿನಲ್ಲೇ ಏರಿಳಿಯುತ್ತದೆ. ಜಲವಾಹಕತೆಯ ಏರಿಳಿತ, ಅಂದರೆ ಸರಾಸರಿಗೆ ಹೋಲಿಸಿದರೆ ಅಳತೆಗಳ ಚದುರುವಿಕೆ, ಶೇ 100 ದಾಟುವುದು ಮಾಮೂಲು. 1973ರಲ್ಲಿ ನೀಲ್ಸನ್, ಬಿಗರ್, ಎರ್ ಮೂವರು ಕ್ಯಾಲಿಫೋರ್ನಿಯಾದ 150 ಹೆಕ್ಟೇರ್ ಹೊಲದ 20 ತಾಕುಗಳನ್ನು ಅಳೆದು ಪ್ರಕಟಿಸಿದ ಮೇಲೆ, ಒಂದು ಹೊಲಕ್ಕೆ ಒಂದು ಅಂಕಿ ಎನ್ನುವ ಮಾತು ಮಣ್ಣು ಬಲ್ಲವರ ನಡುವೆ ಬಿದ್ದುಹೋಯಿತು. ಅಂಕಗಣಿತವೂ ಕಠೋರ. ಏರಿಳಿತ ಶೇ 10 ಇದ್ದಾಗ ಸರಾಸರಿಯನ್ನು ಶೇ 10ರೊಳಗೆ, ಶೇ 95 ಖಾತ್ರಿಯಲ್ಲಿ ಹೇಳಲು 4 ಮಾದರಿ ಸಾಕು. ಏರಿಳಿತ ಶೇ 100 ಆದರೆ, ಶೇ 20ರೊಳಗೆ ಹೇಳಲಿಕ್ಕೇ 96 ಮಾದರಿ ಬೇಕು. ಮೂರು ಕಡೆ ಅಳೆದು ಸರಾಸರಿ ತೆಗೆದ ವರದಿಗಳಿಗೆ ಎಷ್ಟು ಬೆಲೆ ಕೊಡಬೇಕೋ ನೀವೇ ನೋಡಿ.

ಈಗ ಬಳಸುವ ಕ್ರಮ. ಗುಳ್ಳೆ ಕೋಣೆಯನ್ನು ಮುಕ್ಕಾಲು ತುಂಬಿಸಿ, ನಳಿಕೆಯನ್ನು ಬೇಕಾದ ಸಕ್ಷನ್ನಿಗೆ ಹೊಂದಿಸಿ. ಸಾಧನವನ್ನು ತಲೆಕೆಳಗು ಮಾಡಿ, ಬಿಲ್ಲೆಯಿರುವ ಬುಡ ತೆಗೆದು ಸಂಗ್ರಹ ಕೋಣೆಯನ್ನು ಅಂಚಿನವರೆಗೆ ತುಂಬಿಸಿ ಬುಡ ಒತ್ತಿ ಕೂರಿಸಿ. ನೆಟ್ಟಗೆ ಹಿಡಿದಾಗ ಹನಿ ಉದುರಬಾರದು. ಉದುರಿದರೆ ಎಲ್ಲೋ ಗಾಳಿ ಸೇರುತ್ತಿದೆ: ಬುಡದ ಅಂಚಿನಲ್ಲೋ ಮೇಲಿನ ಬಿರಡೆಯಲ್ಲೋ ಉಸುಕಿನ ಕಣ ಸಿಕ್ಕಿಕೊಂಡಿರುತ್ತದೆ. ಒರೆಸಿ ಮತ್ತೆ ಕೂರಿಸಿ. ಡಿಸ್ಟಿಲ್ಡ್ ವಾಟರ್ ಬೇಡ. ಅದು ಮಣ್ಣಿನ ಜೇಡಿಯನ್ನು ಬಿಡಿಸಿ ರಂಧ್ರ ಮುಚ್ಚಿಸುತ್ತದೆ. ಆ ತೋಟದ ಬಾವಿಯ ನೀರನ್ನೇ ಬಟ್ಟೆಯಲ್ಲಿ ಸೋಸಿ ಬಳಸಿ, ಒಂದು ತೋಟದ ಎಲ್ಲ ಜಾಗಕ್ಕೂ ಅದೇ ನೀರು.

ನೆಲ ಸಿದ್ಧ ಮಾಡುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ಮೇಲಿನ 2–3 ಸೆಂ.ಮೀ. ಒಣ, ಸಡಿಲ ಉಸುಕನ್ನು ಅಂಗೈಯಿಂದ ಸರಿಸಿ, ಚಪ್ಪಟೆ ಕರಣೆಯನ್ನು ಒತ್ತದೆ ಎಳೆದು ಸಮ ಮಾಡಿ. ಒತ್ತಿದರೆ ಕಣಗಳು ಬಿಗಿಯಾಗಿ ಅಳತೆ ಇಳಿಯುತ್ತದೆ. ಬಿಲ್ಲೆಗೂ ನೆಲಕ್ಕೂ ನಡುವೆ ಗಾಳಿ ಉಳಿಯದಂತೆ, ತೊಳೆದ ನಯವಾದ ಉಸುಕನ್ನು ತುಸು ತೇವ ಮಾಡಿ ಬಿಲ್ಲೆಯಷ್ಟೇ ಅಗಲಕ್ಕೆ, 1–2 ಮಿ.ಮೀ. ದಪ್ಪಕ್ಕೆ ಹಾಕಿ. ಈ ಪದರ ಬಿಲ್ಲೆಯಿಂದ ಆಚೆ ಹರಡಿದರೆ ನೀರು ಇಳಿಯುವ ವಿಸ್ತೀರ್ಣವೇ ಬದಲಾಗಿ ಲೆಕ್ಕ ಹಾಳು. 4.5 ಸೆಂ.ಮೀ. ಪಾದದ ಮೇಲೆ 33 ಸೆಂ.ಮೀ. ಎತ್ತರ ನಿಂತಿರುವುದರಿಂದ ಮಧ್ಯಾಹ್ನದ ಸಮುದ್ರಗಾಳಿಗೆ ಇದು ವಾಲುತ್ತದೆ. ವಾಲಿದರೆ ಒಂದು ಅಂಚು ಎದ್ದು ಸಂಪರ್ಕ ತಪ್ಪುತ್ತದೆ, ಗುಳ್ಳೆ ನಿಂತುಹೋಗುತ್ತದೆ. ಲ್ಯಾಬಿನ ಕ್ಲಾಂಪ್ ಸ್ಟ್ಯಾಂಡ್ ಒಂದು ಜೊತೆಗಿರಲಿ.

ಓದುವ ಅಂತರ ಉಸುಕಿನಲ್ಲಿ ಸೆಕೆಂಡುಗಳ ಮಾತು. ಎರೆ ಮಣ್ಣಿನಲ್ಲಿ ಅರ್ಧ ಗಂಟೆಗೊಮ್ಮೆ ನೋಡಿದರೂ ನಡೆಯುತ್ತದೆ. ಇಲ್ಲಿ 2 ಸೆಂ.ಮೀ. ಸಕ್ಷನ್ನಿನಲ್ಲಿ ಸರಾಸರಿ ಉಸುಕು ಹತ್ತು ಹನ್ನೆರಡು ನಿಮಿಷದಲ್ಲಿ ಕೊಳವೆ ಖಾಲಿ ಮಾಡುತ್ತದೆ, ದಪ್ಪ ಉಸುಕಾದರೆ ಇನ್ನೂ ಬೇಗ. ಮೊಬೈಲನ್ನು ಗೆರೆಗಳ ಮಟ್ಟಕ್ಕೆ ನಿಲ್ಲಿಸಿ, ಸ್ಟಾಪ್‌ವಾಚ್ ಪಕ್ಕದಲ್ಲಿಟ್ಟು ವಿಡಿಯೊ ಮಾಡಿ, ಆಮೇಲೆ ಕೂತು ಓದುವುದೇ ವಾಸಿ. ಕನಿಷ್ಠ 15–20 ಮಿ.ಲೀ. ಇಂಗದೆ ಲೆಕ್ಕಕ್ಕೆ ಕೂರಬೇಡಿ.

ಬಿಸಿಲಿನ ತೊಂದರೆಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ನೀರು ಇಳಿದಂತೆ ಸಂಗ್ರಹದ ಮೇಲ್ಭಾಗದಲ್ಲಿ ಗಾಳಿ ತುಂಬುತ್ತದೆ. 100 ಮಿ.ಲೀ. ಗಾಳಿ ಒಂದು ಡಿಗ್ರಿ ಬಿಸಿಯಾದರೆ 0.3 ಮಿ.ಲೀ.ಗಿಂತ ಹೆಚ್ಚು ಹಿಗ್ಗಿ ಅಷ್ಟೇ ನೀರನ್ನು ಕೆಳಗೆ ತಳ್ಳುತ್ತದೆ. 6 ಸೆಂ.ಮೀ. ಸಕ್ಷನ್ನಿನಲ್ಲಿ ಉಸುಕು ನಿಧಾನವಾಗಿ ಹೀರುತ್ತಿರುವಾಗ ಈ 0.3 ಸಣ್ಣದಲ್ಲ. ಮೋಡ ಸರಿದು ಬಿಸಿಲು ಬಿದ್ದ ಕೂಡಲೇ ವೇಗ ಏರಿದಂತೆ ಕಂಡರೆ ಅದು ಮಣ್ಣಿನ ಗುಣ ಅಲ್ಲ. ಛತ್ರಿ ಹಿಡಿಯಲೇಬೇಕು. ನೀರಿನ ಸ್ನಿಗ್ಧತೆಯೂ ಸೇರಿಕೊಳ್ಳುತ್ತದೆ: 20 ಡಿಗ್ರಿಯಲ್ಲಿ ಇರುವುದಕ್ಕಿಂತ 30ರಲ್ಲಿ ನೀರು ಶೇ 25ರಷ್ಟು ಹೆಚ್ಚು ಸರಾಗ. ಬೆಳಿಗ್ಗೆ ದಿಬ್ಬ, ಮಧ್ಯಾಹ್ನ ತಗ್ಗು ಅಳೆದು ತಗ್ಗೇ ವೇಗ ಎಂದು ಬರೆದರೆ ಅಳೆದದ್ದು ಹೊತ್ತನ್ನು. ಪ್ರತಿ ಜಾಗದಲ್ಲೂ ನೀರಿನ ಉಷ್ಣತೆ ಬರೆದಿಟ್ಟು ಎಲ್ಲವನ್ನೂ 20 ಡಿಗ್ರಿಗೆ ತನ್ನಿ.

ನಮ್ಮ ದೊಡ್ಡ ತಕರಾರು ಸಾಧನದ ಮೇಲಲ್ಲ, ಅದರ ಜೊತೆ ಬರುವ ಲೆಕ್ಕದ ಮೇಲೆ. ಒಟ್ಟು ಇಂಗಿದ ನೀರನ್ನು ಕಾಲದ ವರ್ಗಮೂಲದ ಎದುರು ಗುರುತಿಸಿ, ಬಾಗಿದ ಗೆರೆ ಹೊಂದಿಸಿದರೆ ಎರಡು ಗುಣಾಂಕ ಸಿಗುತ್ತವೆ: ಕಾಲಕ್ಕೆ ಗುಣಿಸುವ ಸಿ1, ವರ್ಗಮೂಲಕ್ಕೆ ಗುಣಿಸುವ ಸಿ2. ಸಿ1 ಅನ್ನು ಎ ಎಂಬ ಇನ್ನೊಂದು ಅಂಕಿಯಿಂದ ಭಾಗಿಸಿದರೆ ಜಲವಾಹಕತೆ. 1997ರ ಜಾಂಗ್ ವಿಧಾನ ಇದು. ಎಕ್ಸೆಲ್ ಹಾಳೆಯೂ ಸಿಗುತ್ತದೆ. ಎ ಬರುವುದು ಮಣ್ಣಿನ ವರ್ಗ ನೋಡಿ ಕೋಷ್ಟಕದಿಂದ. ಶುದ್ಧ ಉಸುಕು ಎಂದರೆ 6 ಸೆಂ.ಮೀ. ಸಕ್ಷನ್ನಿಗೆ ಎ 0.46. ಅದೇ ನೆಲವನ್ನು ತುಸು ಗೋಡು ಬೆರೆತ ಉಸುಕು ಎಂದು ಬರೆದುಕೊಂಡರೆ 1.40. ಅಂದರೆ ಹೆಸರೊಂದು ಬದಲಾದರೆ ಉತ್ತರ ಮೂರು ಪಟ್ಟು ಬದಲು! 2 ಸೆಂ.ಮೀ.ನಲ್ಲಿ ಇದೇ ಜೋಡಿ 1.73 ಮತ್ತು 2.43, ವ್ಯತ್ಯಾಸ ಒಂದೂವರೆ ಪಟ್ಟಿಗೂ ಕಡಿಮೆ. ಉಸುಕಿಗೆ 6 ಸೆಂ.ಮೀ. ಇಡಿ ಎಂಬ ಕೈಪಿಡಿಯ ಸಲಹೆ ನೀರು ಬೇಗ ಖಾಲಿಯಾಗದಿರಲಿ ಎಂಬುದಕ್ಕೆ ಸರಿ. ಆದರೆ ಮಣ್ಣಿನ ವರ್ಗ ಜಾಗದಿಂದ ಜಾಗಕ್ಕೆ ಅತ್ತಿತ್ತ ಆಗುವ ಕರಾವಳಿಯಲ್ಲಿ, ನಕ್ಷೆಯ ಮೇಲೆ ಕಾಣುವ ವೈವಿಧ್ಯದ ಅರ್ಧ ಪಾಲು ಕೋಷ್ಟಕ ಹುಟ್ಟಿಸಿದ್ದಾಗಿಬಿಡಬಹುದು.

ಇದರಿಂದ ಪಾರಾಗಲು ಒಂದೇ ಜಾಗದಲ್ಲಿ ಎರಡು ಸಕ್ಷನ್ ಅಳೆಯಿರಿ, ಕೋಷ್ಟಕದ ಹಂಗು ಬಿಡಿ. ಮೊದಲು 6, ಆಮೇಲೆ 2. ಒಣದಿಂದ ಒದ್ದೆಯ ಕಡೆಗೇ ಹೋಗಬೇಕು, ಹಿಂದುಮುಂದಾದರೆ ಒಮ್ಮೆ ತೊಯ್ದ ರಂಧ್ರ ಬೇರೆಯೇ ಉತ್ತರ ಕೊಡುತ್ತದೆ. ಎರಡರಲ್ಲೂ ವೇಗ ಸ್ಥಿರವಾಗುವವರೆಗೆ ಕಾಯಿರಿ. ಉದಾಹರಣೆಗೆ, ಸ್ಥಿರ ವೇಗ 6ರಲ್ಲಿ ನಿಮಿಷಕ್ಕೆ 3 ಮಿ.ಲೀ., 2ರಲ್ಲಿ 12 ಮಿ.ಲೀ. ಎಂದುಕೊಳ್ಳಿ. ಅನುಪಾತ 4, ಅದರ ನೈಸರ್ಗಿಕ ಲಾಗ್ 1.386, ಸಕ್ಷನ್ ಅಂತರ 4ರಿಂದ ಭಾಗಿಸಿದರೆ ಆಲ್ಫಾ, ಅಂದರೆ ಸಕ್ಷನ್ ಏರಿದಂತೆ ವೇಗ ಎಷ್ಟು ಬೇಗ ಇಳಿಯುತ್ತದೆ ಎಂಬ ಅಂಕಿ, 0.347. ವುಡಿಂಗ್ ಸೂತ್ರದ ಪ್ರಕಾರ ಪಕ್ಕಕ್ಕೆ ಹರಡುವ ನೀರಿನ ಪಾಲು, 4 ಅನ್ನು ಪೈ, ತ್ರಿಜ್ಯ 2.25, ಆಲ್ಫಾ ಇವುಗಳ ಗುಣಲಬ್ಧದಿಂದ ಭಾಗಿಸಿದಷ್ಟು, ಅಂದರೆ 1.63. ನಿಮಿಷಕ್ಕೆ 12 ಮಿ.ಲೀ.ಯನ್ನು ಬಿಲ್ಲೆಯ ವಿಸ್ತೀರ್ಣ 15.9 ಚದರ ಸೆಂ.ಮೀ.ಯಿಂದಲೂ ಮತ್ತೆ 2.63ರಿಂದಲೂ (1 ಕೂಡಿಸು 1.63) ಭಾಗಿಸಿದರೆ ಗಂಟೆಗೆ 17 ಸೆಂ.ಮೀ. ಅದೇ ಆಲ್ಫಾ ಹಿಡಿದು ಸಕ್ಷನ್ ಸೊನ್ನೆಗೆ, ಅಂದರೆ ಪೂರ್ಣ ತೇವಕ್ಕೆ ಎಳೆದರೆ 34 ಸೆಂ.ಮೀ. ಒಂದು ಜಾಗಕ್ಕೆ ಎರಡು ಭರ್ತಿ ಬೇಕು, ಹೊತ್ತು ಹಿಡಿಯುತ್ತದೆ. ಆದರೆ ಅಂಕಿ ಆ ನೆಲದ್ದೇ.

ಬಿಲ್ಲೆ ಸಣ್ಣದು ಎಂಬುದು ಇನ್ನೊಂದು ಮಿತಿ. 16 ಚದರ ಸೆಂ.ಮೀ. ನೋಡುವ ಕಣ್ಣಿಗೆ ಏರಿಳಿತ ಜಾಸ್ತಿ ಕಾಣುವುದು ಸಹಜ. 700 ಚದರ ಸೆಂ.ಮೀ. ಉಂಗುರ ಅದೇ ನೆಲವನ್ನು ಸರಾಸರಿ ಮಾಡಿ ತೋರಿಸುತ್ತದೆ. ಎರಡೂ ಸುಳ್ಳಲ್ಲ, ಆದರೆ ಎರಡರ ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಬೆರೆಸಬಾರದು.

ಜಾಗ ಆರಿಸುವಾಗ ತೆಂಗಿನ ಸಾಲನ್ನು ನೋಡಿ. ಗಿಡಗಳು 7.5 ಮೀಟರಿಗೊಂದು ಇದ್ದು, ನಿಮ್ಮ ಗ್ರಿಡ್ ಕೂಡ 7.5 ಮೀಟರ್ ಆದರೆ ಪ್ರತಿ ಬಿಂದುವೂ ಬುಡದ ಪಾತಿಯಲ್ಲೇ ಬೀಳುತ್ತದೆ, ಇಲ್ಲವೇ ಎಲ್ಲವೂ ಸಾಲಿನ ನಡುವೆ. ತೋಟ ಬಹಳ ಏಕರೂಪ ಎಂಬ ತೀರ್ಮಾನ ಬರುತ್ತದೆ, ಅದು ಬರೀ ಗ್ರಿಡ್ಡಿನ ಆಟ. ಎಕರೆಗೆ 10 ಮೀಟರ್ ಅಂತರದ 7 ಅಡ್ಡ ಸಾಲು, 7 ಉದ್ದ ಸಾಲು, ಒಟ್ಟು 49 ಬಿಂದು ಇಡಿ. ಅವುಗಳಲ್ಲಿ ಒಂದು ಹತ್ತರ ಪಕ್ಕ 1 ಮೀಟರ್ ಮತ್ತು 3 ಮೀಟರ್ ದೂರಕ್ಕೆ ಹೆಚ್ಚುವರಿ ಬಿಂದು ಸೇರಿಸಿ. ಹತ್ತಿರದ ಜೋಡಿಗಳಿಲ್ಲದೆ ವೇರಿಯೋಗ್ರಾಮ್ (ಬಿಂದುಗಳ ದೂರ ಹೆಚ್ಚಿದಂತೆ ಅಳತೆಗಳ ವ್ಯತ್ಯಾಸ ಹೇಗೆ ಏರುತ್ತದೆ ಎಂದು ತೋರಿಸುವ ಗೆರೆ) ಬರೆದರೆ ಅದರ ಬುಡ ಊಹೆಯೇ ಆಗಿರುತ್ತದೆ. ಪ್ರತಿ ಅಂತರದ ಗುಂಪಿಗೆ ಕನಿಷ್ಠ 30 ಜೋಡಿ ಇರಲಿ. ಶೂನ್ಯ ದೂರದಲ್ಲೇ ಉಳಿಯುವ ವ್ಯತ್ಯಾಸ ಒಟ್ಟಿನ ಕಾಲು ಪಾಲಿಗಿಂತ ಕಡಿಮೆಯಿದ್ದರೆ ಅಕ್ಕಪಕ್ಕದ ಬಿಂದುಗಳು ಗಟ್ಟಿಯಾಗಿ ನಂಟಾಗಿವೆ, ನಕ್ಷೆ ಎಳೆಯಬಹುದು. ಮುಕ್ಕಾಲು ದಾಟಿದರೆ ಬಣ್ಣದ ನಕ್ಷೆ ಎಳೆದು ಗಿರಾಕಿಗೆ ತೋರಿಸುವುದು ಬೇಡ, ಸರಾಸರಿ ಹೇಳಿ ಸುಮ್ಮನಿರಿ.

ಸರಾಸರಿಯೂ ಲಾಗ್ ತೆಗೆದ ಮೇಲೆಯೇ. ಗಂಟೆಗೆ 4, 12, 15, 22, 90 ಸೆಂ.ಮೀ. ಎಂಬ ಐದು ಅಳತೆಗಳ ಸಾದಾ ಸರಾಸರಿ 28.6, ಐದರಲ್ಲಿ ನಾಲ್ಕು ಅದಕ್ಕಿಂತ ಕೆಳಗಿವೆ. ಗುಣೋತ್ತರ ಸರಾಸರಿ 17, ಅದು ತೋಟಕ್ಕೆ ಹತ್ತಿರದ ಮಾತು.

ಗಾಳಿಮರದ ಕೆಳಗೆ ಅಳೆಯುವವರಿಗೆ ಒಂದು ಎಚ್ಚರಿಕೆ. ಉದುರಿದ ಸೂಜಿ ಎಲೆ ಕೊಳೆತು ಮೇಣದಂಥ ಪದರ ಕಣಗಳಿಗೆ ಅಂಟಿಕೊಂಡಿದ್ದರೆ ಒಣ ಉಸುಕು ನೀರನ್ನೇ ಒಲ್ಲೆ ಎನ್ನುತ್ತದೆ. ಮೊದಲು ಒಂದು ಹನಿ ಬಿಟ್ಟು ನೋಡಿ: 5 ಸೆಕೆಂಡಿನೊಳಗೆ ಇಳಿದರೆ ಸರಿ, ನಿಮಿಷ ದಾಟಿದರೆ ಜೋರಾದ ಜಲವಿರೋಧ. ಅಂಥಲ್ಲಿ ಇಂಗಿದ ನೀರಿನ ಗೆರೆ ಮೊದಲು ಮಲಗಿ ಆಮೇಲೆ ಥಟ್ಟನೆ ಏಳುತ್ತದೆ, ಸಿ2 ಋಣ ಬರುತ್ತದೆ. ಸಿ2 ಋಣ ಬಂದ ಓದನ್ನು ಕೆಟ್ಟದ್ದೆಂದು ಅಳಿಸುವ ರೂಢಿ ಇದೆ. ಅಳಿಸಬೇಡಿ, ಬೇರೆ ಕಾಲಮ್ಮಿನಲ್ಲಿ ಗುರುತು ಮಾಡಿ. ಮೊದಲ ಮಳೆಯ ನೀರು ಆ ಜಾಗಗಳಲ್ಲಿ ಸಮನಾಗಿ ಇಂಗದೆ ಬೆರಳು ಬೆರಳಾಗಿ ಇಳಿಯುತ್ತದೆ. ಹಾಕಿದ ಗೊಬ್ಬರವೂ ಅದೇ ದಾರಿಯಲ್ಲಿ ಬಾವಿಗೆ.

ಇಷ್ಟೆಲ್ಲ ಮಾಡಿದ ಮೇಲೆ ನಕ್ಷೆ ಯಾವುದಕ್ಕೆ ಬರುತ್ತದೆ ಎಂದರೆ ಡ್ರಿಪ್ಪಿಗೆ. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ಕೆಳಗೆ ನೆಲದ ಮೇಲೆ ನೀರು ನಿಲ್ಲುವ ವೃತ್ತದ ತ್ರಿಜ್ಯ, ಜಲವಾಹಕತೆ ಗಂಟೆಗೆ 4 ಸೆಂ.ಮೀ. ಇರುವಲ್ಲಿ ಹೆಚ್ಚೆಂದರೆ 18 ಸೆಂ.ಮೀ., 30 ಇರುವಲ್ಲಿ ಆರೂವರೆ, 90 ಇರುವಲ್ಲಿ 4 ಸೆಂ.ಮೀ. ಕೂಡ ಇಲ್ಲ. ಒಂದೇ ಪೈಪು, ಒಂದೇ ಡ್ರಿಪ್ಪರ್ ಎಂದು ತೋಟವಿಡೀ ಹಾಕಿದರೆ ವೇಗದ ಪಟ್ಟಿಯಲ್ಲಿ ನೀರು ಬೇರು ದಾಟಿ ನೇರ ಕೆಳಗಿಳಿಯುತ್ತದೆ. ಆ ಪಟ್ಟಿಯನ್ನು ಬೇರೆ ವಾಲ್ವಿಗೆ ತಂದು, ಗಿಡಕ್ಕೆ ಡ್ರಿಪ್ಪರ್ ಸಂಖ್ಯೆ ಹೆಚ್ಚಿಸಿ, ಬಿಡುವ ಹೊತ್ತನ್ನು ತುಂಡು ತುಂಡಾಗಿ ಹಂಚಬೇಕು.

ಬಾಳಿಕೆ ಚೆನ್ನಾಗಿದೆ, ಬಿಲ್ಲೆಯೊಂದು ಬಿಟ್ಟು. ಕಬ್ಬಿಣ ಹೆಚ್ಚಿರುವ ಬಾವಿ ನೀರು, ಪಾಚಿ, ನಯ ಧೂಳು ಅದರ ರಂಧ್ರ ಕಟ್ಟುತ್ತವೆ, ಮತ್ತು ಕಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ. ತಂದ ದಿನವೇ ಜರಡಿ ಹಿಡಿದ ಒಣ ಉಸುಕನ್ನು ಒಂದು ಬಕೆಟ್ ತುಂಬಿ, 0.5 ಸೆಂ.ಮೀ. ಸಕ್ಷನ್ನಿನಲ್ಲಿ 100 ಮಿ.ಲೀ. ಇಳಿಯುವ ಹೊತ್ತನ್ನು ಮಾರ್ಕರಿನಿಂದ ಕೊಳವೆಯ ಮೇಲೆ ಬರೆದಿಡಿ. ಒಂದು ತೋಟ ಮುಗಿದಾಗಲೆಲ್ಲ ಅದೇ ಉಸುಕನ್ನು ಒಣಗಿಸಿ ಅದೇ ಪರೀಕ್ಷೆ ಮಾಡಿ. ಹೊತ್ತು ಎದ್ದು ಕಾಣುವಷ್ಟು ಹೆಚ್ಚಿದರೆ ಬಿಲ್ಲೆಯನ್ನು ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಅದಕ್ಕೂ ಬಗ್ಗದಿದ್ದರೆ ಬುಡವನ್ನೇ ಬದಲಿಸಬೇಕು, ಹಾಗಾಗಿ ಸಾಧನ ತರಿಸುವಾಗಲೇ ಬಿಡಿ ಬಿಲ್ಲೆಯೊಂದನ್ನು ಆರ್ಡರಿಗೆ ಸೇರಿಸಿ.